ಸುಳ್ಳಿನ ಪೆಟ್ಟಿಗೆ ಸುಮ್ಮನಾದ ಮೂರು ಸಂಜೆ

“ನಮ್ಮಕ್ಕ ನನ್ನ ಹತ್ತಿರ ಮಾತು ಬಿಟ್ಟು ಹದಿಮೂರು ದಿನ ಆಯ್ತು ದೊಡ್ಡಮ್ಮ. ಇದೊಂದು ಪೆಟ್ಟಿಗೆಯಿಂದ.”

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಹೊಸ್ತಿಲಲ್ಲಿ ನಿಂತು ಹೀಗೆಂದವನು ಎರಡು ಬೀದಿ ಆಚೆಯ ರೇಡಿಯೋ ರಿಪೇರಿಯವನು. ಅಂಗಡಿಯ ಹಲಗೆಯ ಮೇಲಿದ್ದ ಪದ ಯಾವಾಗಲೋ ಅವನಿಗೇ ಅಂಟಿಕೊಂಡು, ನಲವತ್ತು ದಾಟಿದ ಆ ಮನುಷ್ಯನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ನಿದ್ದೆ ಹೋದ ಮಗುವನ್ನು ಎತ್ತಿಕೊಂಡಂತೆ ಒಂದು ಮರದ ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದ. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

ದೊಡ್ಡಮ್ಮ ಕಿಟಕಿಯ ಬಳಿ ಕೂತು ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತುತ್ತಿದ್ದಳು. “ಒಳಗೆ ಬಾ. ಮೊದಲು ಪೆಟ್ಟಿಗೆ ಇಳಿಸು, ಆಮೇಲೆ ಅಕ್ಕನ ಸುದ್ದಿ ಹೇಳು,” ಎಂದಳು.

ನನ್ನ ತಾಯಿಯ ಅಕ್ಕನಾದ ಈ ದೊಡ್ಡಮ್ಮ ಮೂವತ್ತೊಂದು ವರ್ಷ ವಿದ್ಯುತ್ ಕಚೇರಿಯ ಮೀಟರ್ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡಿದವಳು. ಸುಳ್ಳು ಹೇಳುತ್ತಿರುವುದು ಮೀಟರೋ ಮೀಟರಿನ ಯಜಮಾನನೋ ಎಂದು ಹೇಳುವುದೇ ಅಲ್ಲಿ ಅವಳ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಅಕ್ಕಪಕ್ಕದವರು ತಮ್ಮ ತೊಡಕುಗಳನ್ನೆಲ್ಲ ಹೊತ್ತುಕೊಂಡು ನಮ್ಮ ಮಹಡಿ ಹತ್ತತೊಡಗಿದರು. ನಾನು ಅವಳ ಜೊತೆಗಿರುವವಳು. ಬಾಗಿಲು ತೆಗೆಯುವುದು, ಟೀ ಮಾಡುವುದು, ಎಲ್ಲವನ್ನೂ ಬರೆದಿಡುವುದು, ನಡುನಡುವೆ ತಪ್ಪು ಊಹೆ ಮಾಡುವುದು, ಇವು ನನ್ನ ಪಾಲಿನ ಕೆಲಸಗಳು.

ರೇಡಿಯೋ ಪೆಟ್ಟಿಗೆಯನ್ನು ಬಿಸಿಲು ಬಿದ್ದಿದ್ದ ಮೇಜಿನ ಮೇಲಿಟ್ಟ. ಮುಂಭಾಗದಲ್ಲಿ ಉದ್ದನೆಯ ಸೀಳು, ಅದರೊಳಗೆ ಪೆನ್ಸಿಲಿನಷ್ಟು ದಪ್ಪದ ಗಾಜಿನ ಕೊಳವೆ. ಪಕ್ಕದಲ್ಲಿ ಅಂಗೈ ಇಡಲು ಹಿತ್ತಾಳೆ ತಗಡು. ಅವನು ಬೆರಳುದ್ದದ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹಿಂದಿನ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ, ಒಂದೊಂದನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿ, ಟಾರ್ಚ್ ಜೇಬಿಗೆ ಹಾಕಿಕೊಂಡ.

“ನಿಯಾನ್ ಕೊಳವೆ ದೊಡ್ಡಮ್ಮ. ಹಳೇ ಕಾಲದ್ದು, ಈಗ ಯಾರೂ ಮಾಡಲ್ಲ. ಕರೆಂಟ್ ಹೆಚ್ಚಿಸಿದಷ್ಟೂ ಬುಡದಿಂದ ಬೆಳಕು ಏರುತ್ತೆ, ಜ್ವರದ ಕಡ್ಡಿಯಲ್ಲಿ ಪಾದರಸ ಏರೋ ಹಾಗೆ. ನಮ್ಮ ನಾಟಕದಲ್ಲಿ ಇದು ಸುಳ್ಳು ಅಳೆಯೋ ಯಂತ್ರ. ಅಪರಾಧಿ ಇಲ್ಲಿ ಕೈ ಇಡ್ತಾನೆ, ನ್ಯಾಯಾಧೀಶೆ ಪ್ರಶ್ನೆ ಕೇಳ್ತಾಳೆ, ಸುಳ್ಳು ಹೇಳಿದರೆ ಬೆಳಕು ಏರಬೇಕು.”

ಗುಂಡಿ ಒತ್ತಿ ತಿರುಗಣೆ ತಿರುಗಿಸಿದ. ಕೊಳವೆಯ ಬುಡದಲ್ಲಿ ಕೆಂಡದ ಚೂರೊಂದು ಹುಟ್ಟಿತು. ಅದು ಕಿತ್ತಳೆ ಬಣ್ಣದ ಕಡ್ಡಿಯಾಗಿ, ಯಾರೂ ಅವಸರಪಡಿಸದ ಹಾಗೆ, ನುಣ್ಣಗೆ ಮೇಲೇರಿತು.

“ಚೆನ್ನಾಗೇ ಇದೆಯಲ್ಲ,” ಎಂದಳು ದೊಡ್ಡಮ್ಮ.

“ಅದೇ ನನ್ನ ಕರ್ಮ. ಅಂಗಡಿಯಲ್ಲಿ ನೂರು ಸಲ ಹಾಕಿದರೆ ನೂರು ಸಲವೂ ಏಳುತ್ತೆ. ಪ್ರದರ್ಶನದ ದಿನ ಮಾತ್ರ ಸತ್ತ ಹಾಗೆ ಬಿದ್ದಿರುತ್ತೆ. ಮೂರು ಭಾನುವಾರ, ಮೂರು ಸಲ. ಜನ ಬಿದ್ದು ಬಿದ್ದು ನಕ್ಕರು.”

“ಪವರ್ ಸಪ್ಲೈ ಯಾವುದು?”

“ಹವ್ಯಾಸಕ್ಕೆ ಅಂತ ಸಿಗೋ ಪುಟ್ಟ ಬೋರ್ಡು. ಹನ್ನೆರಡು ವೋಲ್ಟಿನ ಬ್ಯಾಟರಿ ಕೊಟ್ಟರೆ ನೂರೈವತ್ತು ಮಾಡಿ ಕೊಡುತ್ತೆ. ಮೊದಲ ಸಲ ಕೈಕೊಟ್ಟಾಗ ಬೋರ್ಡು ಬದಲಾಯಿಸಿದೆ. ಎರಡನೇ ಸಲ ಬ್ಯಾಟರಿಯನ್ನೂ ಬದಲಾಯಿಸಿದೆ. ಮೂರನೇ ಸಲ ಬದಲಾಯಿಸೋಕೆ ಉಳಿದಿದ್ದು ನಾನೊಬ್ಬನೇ.”

“ನೂರೈವತ್ತಕ್ಕೇ ಯಾಕೆ ನಿಲ್ಲಿಸಿದೆ?”

“ಕೊಳವೆಗೆ ವಯಸ್ಸಾಗಿದೆ. ಇದ್ದದ್ದು ಎರಡು, ಒಂದು ಆಗಲೇ ಒಡೆದಿದೆ. ಜಾಸ್ತಿ ಕೊಡೋಕೆ ಕೈ ಬರಲಿಲ್ಲ.”

ಉಳಿದ ಕತೆಯನ್ನು ಅವನು ಟೀ ಆರುವವರೆಗೆ ಹೇಳಿದ. ನಾಟಕ ತಂಡವನ್ನು ನಡೆಸುವವರು ಅವನ ಭಾವ, ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು. ನ್ಯಾಯಾಧೀಶೆಯ ಪಾತ್ರ ಅಕ್ಕನದು. ತಾಲೀಮಿನ ದಿನಗಳಲ್ಲಿ ಯಂತ್ರದ ಮೇಜಿನ ಹಿಂದೆ, ಬಟ್ಟೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತೆರೆದ ಹಿಂಭಾಗದಿಂದ ಗುಂಡಿ ಒತ್ತುತ್ತಿದ್ದವನು ರೇಡಿಯೋನೇ. ಒಮ್ಮೆಯೂ ತಪ್ಪಿರಲಿಲ್ಲ. ಕೊನೆಯ ತಾಲೀಮಾದ ಮೇಲೆ ಭಾವ ಅವನನ್ನು ರಂಗದಿಂದ ಇಳಿಸಿ, ಗುಂಡಿಯನ್ನು ಅಕ್ಕನ ಕೈಗೆ ಸಿಗುವಂತೆ ಮುಂದಕ್ಕೆ ತರಿಸಿ, ಪೆಟ್ಟಿಗೆಯ ಬೆನ್ನಿಗೆ ಹಲಗೆ ಹೊಡೆಸಿದರು.

“ನನಗೆ ಸಿಟ್ಟು ಬಂತು. ಎಲ್ಲರ ಎದುರಿಗೇ ಅಂದುಬಿಟ್ಟೆ, ನಾನಿಲ್ಲದೆ ಇದು ಹೇಗೆ ಹೊತ್ತಿಕೊಳ್ಳುತ್ತೋ ನೋಡೇಬಿಡ್ತೀನಿ ಅಂತ.”

“ಹೊತ್ತಿಕೊಳ್ಳಲಿಲ್ಲ,” ಎಂದಳು ದೊಡ್ಡಮ್ಮ.

“ಹೊತ್ತಿಕೊಳ್ಳಲಿಲ್ಲ. ಅಕ್ಕ ಎರಡು ಸಲ ನಗೆಪಾಟಲಾದ ಮೇಲೆ ನನ್ನ ಮುಖ ನೋಡೋದು ಬಿಟ್ಟಳು. ನಾಳೆ ಕೊನೇ ಪ್ರದರ್ಶನ, ಯಂತ್ರ ಬೇಡ ಅಂದಿದ್ದಾರೆ ಭಾವ. ಯಂತ್ರ ಹಾಳಾಗಿ ಹೋಗಲಿ ದೊಡ್ಡಮ್ಮ. ನಾನು ಬೇಕು ಅಂತ ಮಾಡಲಿಲ್ಲ ಅನ್ನೋದನ್ನ ಅವಳು ನಂಬಬೇಕು. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು.”

ಅವನು ಕಣ್ಣು ಒರೆಸಿಕೊಳ್ಳಲಿಲ್ಲ. ಬದಲಿಗೆ ಸ್ಕ್ರೂಗಳನ್ನು ಎಣಿಸಿದ.

ಅಂದು ಮಧ್ಯಾಹ್ನವೇ ನಾವು ಬಾಡಿಗೆಯ ಸಭಾಂಗಣಕ್ಕೆ ಹೋದೆವು. ಇನ್ನೂರು ಮಡಚುವ ಕುರ್ಚಿ, ಗೋಡೆಗೆ ದಪ್ಪನೆಯ ಕರಿಪರದೆ, ಧೂಳು ಮತ್ತು ಪೌಡರಿನ ವಾಸನೆ. ಮೇಷ್ಟ್ರು ಏಣಿಯ ಮೇಲೆ ನಿಂತು ದೀಪ ತಿರುಗಿಸುತ್ತಿದ್ದರು. ನಮ್ಮನ್ನು ನೋಡಿ ಅರ್ಧದಷ್ಟು ಮಾತ್ರ ಇಳಿದರು.

“ಪತ್ತೆ ಮಾಡೋಕೆ ಏನಿದೆ ಇದರಲ್ಲಿ? ಹೇಳಿದ, ಮಾಡಿ ತೋರಿಸಿದ. ಹೆಂಡತಿಯ ತಮ್ಮ ಅಂತ ಪೊಲೀಸರಿಗೆ ಕೊಡಲಿಲ್ಲ ಅಷ್ಟೇ.”

“ಅವನನ್ನ ರಂಗದಿಂದ ಇಳಿಸಿದ್ದು ಯಾಕೆ ಮೇಷ್ಟ್ರೇ?”

“ಆ ದೃಶ್ಯದಲ್ಲಿ ಕಗ್ಗತ್ತಲೆ ಬೇಕು. ನಾನು ಕಿಟಕಿಗೆಲ್ಲ ಎರಡೆರಡು ಪರದೆ ಹಾಕಿಸಿದ್ದೀನಿ, ಬಾಗಿಲ ಸಂದಿಗೂ ಬಟ್ಟೆ ತುರುಕಿಸ್ತೀನಿ. ಇವನು ಕೂತ ಕಡೆಯಿಂದ ಮಿಣಮಿಣ ಅಂತ ಏನೋ ಕಾಣ್ತಿತ್ತು. ರಂಗದ ಮೇಲೆ ಮಿಂಚುಹುಳ ಸಾಕೋಕಾಗುತ್ತಾ?”

ಅಕ್ಕ ಬಣ್ಣದ ಕೋಣೆಯಲ್ಲಿ ನ್ಯಾಯಾಧೀಶೆಯ ಕಪ್ಪು ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಸೂಜಿ ಚುಚ್ಚುವ ರಭಸ ನೋಡಿದರೆ ಕೋಟಿನ ಪಾಡಿಗೆ ಅಯ್ಯೋ ಅನ್ನಿಸುತ್ತಿತ್ತು.

“ಮೂರು ಸಲವೂ ಒಂದೇ ಥರಾನಾ?” ಎಂದು ಕೇಳಿದಳು ದೊಡ್ಡಮ್ಮ.

“ದೀಪ ಆರುತ್ತೆ. ನಾನು ಗುಂಡಿ ಒತ್ತಿ ಹಿಡಿದು, ನೋಡಿ ನಿಮ್ಮ ಸುಳ್ಳು ಏರುತ್ತಿದೆ ಅಂತೀನಿ. ಏನೂ ಏರಲ್ಲ. ಮೊದಲನೇ ಸಲ, ಮೂರನೇ ಸಲ, ದೀಪ ಮತ್ತೆ ಹತ್ತಿದ ಮೇಲೆ ತಾನಾಗೇ ಎದ್ದು ನಿಂತಿತು, ಅಣಕಿಸೋ ಹಾಗೆ. ಎರಡನೇ ಸಲ ಮಾತ್ರ ಕತ್ತಲಲ್ಲೇ ಎದ್ದಿತು, ಅರ್ಧ ನಿಮಿಷ ತಡವಾಗಿ.”

“ಆಗ ಏನಾಗ್ತಿತ್ತು?”

“ಏನಾಗ್ತಿತ್ತು, ನಾನು ಬೆವರ್ತಿದ್ದೆ. ಮುಂದಿನ ಸಾಲಲ್ಲಿ ಯಾವನೋ ಪುಣ್ಯಾತ್ಮ ಫೋಟೋ ಹೊಡೆದ, ಕಣ್ಣು ಕೋರೈಸಿತು. ಕಣ್ಣು ಬಿಟ್ಟು ನೋಡಿದರೆ ಇದು ಹಲ್ಲು ಕಿರೀತಾ ನಿಂತಿದೆ.” ಅವಳು ದಾರ ಕಚ್ಚಿ ಹರಿದಳು. “ಅವನನ್ನೇ ಕೇಳಿ. ಎಲ್ಲಾ ಅವನಿಗೇ ಗೊತ್ತು.”

ರೇಡಿಯೋ ಎರಡು ಮಾರು ದೂರದಲ್ಲೇ ನಿಂತಿದ್ದ. “ಅಕ್ಕ,” ಎಂದ. ಅವಳು ನನ್ನ ಕಡೆ ತಿರುಗಿ, “ಬಾಗಿಲಲ್ಲಿ ಗಾಳಿ ಜೋರಾಗಿದೆ, ಮುಚ್ಚಮ್ಮ,” ಎಂದಳು.

ಹೊರಡುವಾಗ ಅವಳೇ ಇನ್ನೊಂದು ಮಾತು ಸೇರಿಸಿದಳು. ಮೂರನೇ ಪ್ರದರ್ಶನಕ್ಕೆ ಮುಂಚೆ ಅಪರಾಧಿಯ ಪಾತ್ರದ ಮೀಸೆಯವರು ಯಂತ್ರದ ಪಕ್ಕ ಒಬ್ಬರೇ ಕತ್ತರಿ ಹಿಡಿದು ನಿಂತಿದ್ದರಂತೆ. ಹಗಲು ಅಂಚೆ ಕಚೇರಿಯಲ್ಲಿ ಮೊಹರು ಹೊಡೆಯುವ ಈ ಮೀಸೆಯವರಿಗೆ, ತನ್ನ ದೃಶ್ಯವನ್ನು ಗಾಜಿನ ಕಡ್ಡಿಯೊಂದು ಕದಿಯುತ್ತದೆ ಎಂಬ ಅಸಮಾಧಾನ ಮೊದಲಿನಿಂದಲೂ ಇತ್ತು. ಕೇಳಿದಾಗ ಅವರು ಮೀಸೆ ನೀವಿಕೊಂಡು, “ಕತ್ತರಿಯಾ? ಉಗುರು ಕತ್ತರಿಸ್ತಿದ್ದೆ,” ಎಂದರು. ಅವರ ಉಗುರುಗಳು ಅಡ್ಡಾದಿಡ್ಡಿ ಬೆಳೆದಿದ್ದವು.

ಮನೆಗೆ ನಡೆಯುವ ದಾರಿಯಲ್ಲಿ ನಾನು ಮೀಸೆಯವರನ್ನು ಜೈಲಿಗೇ ಹಾಕಿಬಿಟ್ಟಿದ್ದೆ. ದೊಡ್ಡಮ್ಮ ಒಪ್ಪಲಿಲ್ಲ.

“ತಂತಿ ಕತ್ತರಿಸಿದ್ದರೆ ದೀಪ ಬಂದ ಮೇಲೆ ಹೇಗೆ ಎದ್ದಿತು? ಕತ್ತರಿಸಿದ ತಂತಿ ತಾನೇ ಕೂಡಿಕೊಳ್ಳುತ್ತಾ?”

“ಹಾಗಾದರೆ ಅದು ಅಜ್ಜಿ ಕತೆಯ ನಾಚಿಕೆ ಹೂವೇ,” ಎಂದೆ. “ಏಳು ಕೋಣೆಯ ಒಳಗೆ ಇಟ್ಟಿದ್ದರಂತೆ. ಯಾರಾದರೂ ನೋಡಿದರೆ ಮಾತ್ರ ಅರಳುತ್ತಿತ್ತಂತೆ. ರಾಜ ತಾನು ನೋಡದೇ ಇದ್ದಾಗಲೂ ಅರಳಿರುತ್ತಾ ಅಂತ ತಿಳಿಯೋಕೆ ಹೋಗಿ ಹುಚ್ಚನಾದ.”

“ನಮ್ಮಮ್ಮ ನಿನ್ನ ತಲೆಗೆ ಏನೇನು ತುಂಬಿದ್ದಾಳೋ,” ಎಂದ ದೊಡ್ಡಮ್ಮ ಎರಡು ಹೆಜ್ಜೆ ಹಾಕಿ, ತರಕಾರಿ ಗಾಡಿಗೆ ಅಡ್ಡವಾಗಿ ನಿಂತುಬಿಟ್ಟಳು. ಗಾಡಿಯವನು, “ಅಮ್ಮಾ, ದಾರಿ,” ಎಂದ. ಅವಳಿಗೆ ಕೇಳಿಸಲಿಲ್ಲ.

“ಆ ರಾಜ ಹೂವು ನೋಡೋಕೆ ಒಳಗೆ ಹೋಗುವಾಗ ಕೈಯಲ್ಲಿ ಏನಿತ್ತು?”

“ಕತೇಲಿ ಇಲ್ಲ. ದೀಪ ಇದ್ದಿರಬೇಕು. ಏಳು ಕೋಣೆಯ ಒಳಗೆ ಕತ್ತಲು ತಾನೇ?”

ದೊಡ್ಡಮ್ಮನ ಮುಖದ ಮೇಲೆ, ಸುಳ್ಳು ಮೀಟರು ಸಿಕ್ಕಿಬಿದ್ದಾಗ ಬರುವ ನಗು ಬಂತು. “ನಾಳೆ ಮೂರು ಗಂಟೆಗೆ ಎಲ್ಲರೂ ಸಭಾಂಗಣದಲ್ಲಿ ಇರಬೇಕು ಅಂತ ಹೇಳು. ಉಡುಪಿನ ಬೀರು ಖಾಲಿ ಮಾಡಿಸು, ನೀನು ಹಿಡಿಸುವಷ್ಟು,” ಎಂದಳು. ಆಮೇಲೆ ಗಾಡಿಯವನಿಗೆ ದಾರಿ ಬಿಟ್ಟಳು.

ಮರುದಿನ ಮೂರು ಗಂಟೆಗೆ ರಂಗದ ಮೇಲೆ ನಾಲ್ಕು ಕುರ್ಚಿ ಹಾಕಲಾಗಿತ್ತು. ಮೇಷ್ಟ್ರು ಗಡಿಯಾರ ನೋಡುತ್ತಿದ್ದರು. ಅಕ್ಕ ತಮ್ಮನಿಗೆ ಬೆನ್ನು ಹಾಕಿ ಕೂತಿದ್ದಳು. ಮೀಸೆಯವರು ಎರಡೂ ಕೈ ಜೇಬಿನಲ್ಲಿಟ್ಟುಕೊಂಡಿದ್ದರು.

“ಮೊದಲು ಕತ್ತರಿಯ ವಿಷಯ ಮುಗಿಸೋಣ,” ಎಂದಳು ದೊಡ್ಡಮ್ಮ. “ಬಲಗೈ ಜೇಬಲ್ಲಿ ಏನಿದೆ, ತೆಗೀರಿ. ನಿನ್ನೆಯಿಂದ ಸೈಕಲ್ ಟ್ಯೂಬಿನ ವಾಸನೆ ಬರ್ತಿದೆ.”

ಮೀಸೆಯವರು ಕೆಂಪಾದರು. ಹೊರಬಂದದ್ದು ಅಂಗೈ ಆಕಾರಕ್ಕೆ ಕತ್ತರಿಸಿದ ರಬ್ಬರಿನ ತುಂಡು. “ನೂರೈವತ್ತು ವೋಲ್ಟು ಅಂತ ಇವನೇ ಹೇಳಿದ್ದು,” ಎಂದು ಗೊಣಗಿದರು. “ಆ ತಗಡಿನ ಮೇಲೆ ಕೈ ಇಡೋನು ನಾನು. ಮನೇಲಿ ಹೆಂಡತಿ ಮಕ್ಕಳಿದ್ದಾರೆ. ಅಂಗೈಗೆ ಅಂಟಿಸಿಕೊಂಡೆ.”

“ಆ ತಗಡಿಗೆ ತಂತಿಯೇ ಇಲ್ಲ ಸ್ವಾಮಿ, ಬರೀ ಅಲಂಕಾರ,” ಎಂದ ರೇಡಿಯೋ. ಮೇಷ್ಟ್ರು ಕೆಮ್ಮಿ ನಗು ಮುಚ್ಚಿಕೊಂಡರು. ಇನ್ನೂರು ಜನರ ಮುಂದೆ ಮೂರು ಕೊಲೆ ಒಪ್ಪಿಕೊಳ್ಳುವ ಪಾತ್ರ ಮೀಸೆಯವರದು.

“ಇದಕ್ಕೂ ಯಂತ್ರಕ್ಕೂ ಸಂಬಂಧ ಇಲ್ಲ,” ಎಂದಳು ದೊಡ್ಡಮ್ಮ. “ಈಗ ಬೀರು.”

ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀರುವಿನೊಳಗೆ ಕೂತೆ. ಬಾಗಿಲು ಮುಚ್ಚಿ, ಸಂದಿಗೆ ಕೋಟು ತುರುಕಿದರು. ನನ್ನ ಕೈ ನನಗೇ ಕಾಣದಷ್ಟು ಕತ್ತಲು.

“ಗುಂಡಿ ಒತ್ತು. ಮೇಷ್ಟ್ರೇ, ನೀವು ಎಣಿಸಿ.”

ಒತ್ತಿದೆ. ಹೊರಗೆ ಮೇಷ್ಟ್ರು ಶಾಲೆಯ ದನಿಯಲ್ಲಿ ಮೂವತ್ತರವರೆಗೆ ಎಣಿಸಿದರು. ನನ್ನ ತೊಡೆಯ ಮೇಲೆ ಏನೂ ಆಗಲಿಲ್ಲ. “ಬರ್ತಿಲ್ಲ ದೊಡ್ಡಮ್ಮ,” ಎಂದು ಕೂಗಿದೆ.

“ಕೈ ತೆಗೀಬೇಡ.” ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಬೆಳಕಿನ ಗೀರೊಂದು ಪೆಟ್ಟಿಗೆಯ ಮೇಲೆ ಬಿದ್ದದ್ದೇ ತಡ, ಕೊಳವೆಯ ಬುಡದಲ್ಲಿ ಕೆಂಡ ಹುಟ್ಟಿ ಸರ್ರನೆ ಮೇಲೇರಿತು. ಸಂದಿಯಲ್ಲಿ ಮೂರು ಮುಖಗಳು ಒಂದರ ಮೇಲೊಂದು ಕಂಡವು. ಅಕ್ಕನ ಮುಖ ಎಲ್ಲಕ್ಕಿಂತ ಕೆಳಗಿತ್ತು, ಅವಳು ಮಂಡಿಯೂರಿದ್ದಳು.

“ಇನ್ನೊಂದು ಸಲ,” ಎಂದಳು ಅಕ್ಕ. ಐದು ಸಲ ಮಾಡಿಸಿದಳು. ನಾಲ್ಕು ಸಲ ಕತ್ತಲಲ್ಲಿ ಕೊಳವೆ ಮಿಸುಕಲಿಲ್ಲ, ಒಂದು ಸಲ ಬಹಳ ಹೊತ್ತಾದ ಮೇಲೆ ತಾನಾಗಿ ಎದ್ದಿತು. ಬೆಳಕು ಬಿದ್ದಾಗ ಮಾತ್ರ ಆ ನಾಲ್ಕೂ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತು.

ನಾನು ಬೆವರಿ ಹೊರಬಂದ ಮೇಲೆ ದೊಡ್ಡಮ್ಮ ಕೂತು ಹೇಳಿದಳು. “ಈ ಕೊಳವೆಯನ್ನ ಉರಿಸೋಕೆ ಬೇಕಾದ ಬಲ ಬೇರೆ, ಹೊತ್ತಿಸೋಕೆ ಬೇಕಾದ್ದು ಬೇರೆ. ಹೊತ್ತಿಕೊಳ್ಳೋಕೆ ಒಳಗಿನ ಅನಿಲಕ್ಕೆ ಮೊದಲು ಒಂದು ಸಣ್ಣ ತಳ್ಳು ಬೇಕು. ಹೊರಗಿನ ಬೆಳಕು ಒಂದಿಷ್ಟು ಬಿದ್ದರೂ ಆ ತಳ್ಳು ಸಿಗುತ್ತೆ. ಪೂರಾ ಕತ್ತಲಾದರೆ ತಾನಾಗೇ ಸಿಗೋವರೆಗೆ ಕಾಯಬೇಕು, ಒಂದು ಕ್ಷಣವೂ ಆಗಬಹುದು, ಒಂದು ನಿಮಿಷವೂ ಆಗಬಹುದು. ವೋಲ್ಟ್ ಕಡಿಮೆ ಇದ್ದಷ್ಟೂ ಕಾಯೋದು ಜಾಸ್ತಿ. ನಮ್ಮ ಪರೀಕ್ಷೆ ಕೋಣೆಯ ಮುಚ್ಚಿದ ಪೆಟ್ಟಿಗೆಗಳಲ್ಲೂ ನಿಯಾನ್ ದೀಪಗಳು ಹೀಗೇ ಹಟ ಮಾಡ್ತಿದ್ದವು. ನಿನ್ನೆ ಇವಳು ಹೂವಿನ ಕತೆ ಹೇಳಿದಾಗ ನೆನಪಾಯ್ತು. ಫೋಟೋದವನ ಮಿಂಚು ಹೊಡೆದ ತಕ್ಷಣ ಎದ್ದಿದ್ದೂ ಅದಕ್ಕೇ.”

“ತಾಲೀಮಲ್ಲೂ ಕತ್ತಲೇ ಇತ್ತಲ್ಲ?” ಎಂದರು ಮೇಷ್ಟ್ರು.

“ಇತ್ತು, ಒಂದು ಮಿಂಚುಹುಳ ಬಿಟ್ಟು. ನಿಮ್ಮ ಬಾಮೈದ ಪೆಟ್ಟಿಗೆ ಕಂಡರೆ ಸಾಕು, ಬಾಯಲ್ಲಿ ಟಾರ್ಚ್ ಕಚ್ಚಿಕೊಳ್ತಾನೆ. ನಿನ್ನೆ ನಮ್ಮ ಮನೇಲಿ ಬಿಸಿಲಲ್ಲೂ ಕಚ್ಚಿಕೊಂಡ, ಅವನಿಗೆ ಗೊತ್ತೇ ಇಲ್ಲ. ಮೇಜಿನ ಹಿಂದೆ ಕೂತು ಗುಂಡಿ ಹುಡುಕುವಾಗ ಅದೇ ಬೆಳಕು ತೆರೆದ ಬೆನ್ನಿನಿಂದ ಕೊಳವೆ ಮೇಲೆ ಬೀಳ್ತಿತ್ತು. ಅದು ನಿಮ್ಮ ಕಣ್ಣಿಗೆ ಚುಚ್ಚಿತು. ಅವನನ್ನ ಇಳಿಸಿದಿರಿ, ಬೆನ್ನಿಗೆ ಹಲಗೆ ಹೊಡೆಸಿದಿರಿ, ಬಾಗಿಲ ಸಂದಿಗೆ ಬಟ್ಟೆ ತುರುಕಿದಿರಿ. ಯಂತ್ರ ಕೆಡಿಸಿದವರು ಯಾರು ಅಂತ ಕೇಳಿದರೆ, ಮೇಷ್ಟ್ರೇ, ನೀವೇ.”

ಮೇಷ್ಟ್ರು ತಲೆಯೆತ್ತಿ ತಾವೇ ಹಾಕಿಸಿದ್ದ ಕರಿಪರದೆಗಳನ್ನು ನೋಡಿದರು.

“ನಾನು ಯಾಕೆ ಕಂಡುಹಿಡಿಯಲಿಲ್ಲ?” ಎಂದ ರೇಡಿಯೋ ಮೆಲ್ಲಗೆ. “ಮೂರು ವಾರ ಬಿಚ್ಚಿದೀನಿ, ಮುಚ್ಚಿದೀನಿ.”

“ಬೆಳಕಲ್ಲಿ ಬಿಚ್ಚಿದೆ. ಕತ್ತಲಲ್ಲಿ ಕೂತು ರಿಪೇರಿ ಮಾಡೋನು ಯಾರಪ್ಪ? ನೀನು ನೋಡಿದಾಗಲೆಲ್ಲ ಅದು ಸರಿಯಾಗೇ ಇರುತ್ತೆ. ಈಗ ಕೊಳವೆಯ ಮೂರನೇ ತಂತಿ ತೋರಿಸು.”

ಅವನ ಕಣ್ಣು ಅರಳಿತು. ಅವನೇ ಮುಂದುವರಿಸಿದ. ಬುಡದಲ್ಲಿ ಮೊದಲು ಹುಟ್ಟುವ ಆ ಕೆಂಡದ ಚೂರಿಗೆಂದೇ ಕೊಳವೆಯಲ್ಲಿ ಬೇರೆ ತಂತಿಯಿದೆ. ಇಷ್ಟು ದಿನ ಎಲ್ಲವೂ ಒಂದೇ ಗುಂಡಿಗೆ ಸೇರಿದ್ದವು. ಇನ್ನು ಬೆಳಕಿರುವಾಗಲೇ ಆ ಕೆಂಡವನ್ನು ಹೊತ್ತಿಸಿಟ್ಟು, ಜನರಿಗೆ ಕಾಣದಂತೆ ಬುಡಕ್ಕೆ ಹಿತ್ತಾಳೆಯ ಬಳೆ ತೊಡಿಸಿದರೆ, ಎಂಥ ಕತ್ತಲಲ್ಲೂ ಅದೇ ದಾರಿ ಹಿಡಿದು ಬೆಳಕು ಏರುತ್ತದೆ.

“ವೋಲ್ಟನ್ನೂ ಸ್ವಲ್ಪ ಏರಿಸು,” ಎಂದಳು ದೊಡ್ಡಮ್ಮ. “ಕರೆಂಟಿಗೆ ನೀನೇ ಕಡಿವಾಣ ಹಾಕಿದ್ದೀಯಲ್ಲ. ಕೊಳವೆಯನ್ನ ಸುಡೋದು ಕರೆಂಟು, ವೋಲ್ಟಲ್ಲ.”

ರೇಡಿಯೋ ಬೆಸುಗೆ ಕಡ್ಡಿ ಕಾಯಿಸಿದ. ನಾಲ್ಕೂವರೆಗೆ ಕೆಲಸ ಮುಗಿಯಿತು. ನಾನು ಮತ್ತೆ ಬೀರು ಸೇರಿದೆ. ಬೆಳಕಿನಲ್ಲೇ ಕೆಂಡ ಹೊತ್ತಿಸಿಕೊಂಡು, ಬಾಗಿಲು ಮುಚ್ಚಿ, ಹತ್ತು ಸಲ ಗುಂಡಿ ಒತ್ತಿದೆ. ಹತ್ತು ಸಲವೂ ಆ ಕಿತ್ತಳೆ ಕಡ್ಡಿ ನನ್ನ ಮೂಗಿನ ತುದಿ ಬೆಳಗುತ್ತ ಎದ್ದಿತು. ಹನ್ನೊಂದನೆಯದು ನನ್ನ ಸಂತೋಷಕ್ಕೆ.

ಹೊರಗೆ ಬಂದಾಗ ಮೇಷ್ಟ್ರು ರೇಡಿಯೋನ ಹೆಗಲ ಮೇಲೆ ಕೈ ಇಟ್ಟು, “ಪರದೆ ಒಂದೇ ಸಾಕಾಗಿತ್ತು,” ಎನ್ನುತ್ತಿದ್ದರು. ಅದೇ ಅವರ ಕ್ಷಮಾಪಣೆ ಎಂದು ಎಲ್ಲರಿಗೂ ಅರ್ಥವಾಯಿತು. ಅಕ್ಕ ಅಲ್ಲಿರಲಿಲ್ಲ. ಮುಖಕ್ಕೆ ಬಣ್ಣ ಹಚ್ಚಬೇಕು ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ರೇಡಿಯೋ ಆ ಬಾಗಿಲನ್ನೇ ನೋಡುತ್ತ ನಿಂತಿದ್ದ. ಐದು ಗಂಟೆಯಾಯಿತು. ಐದೂವರೆಯಾಯಿತು. ಜನ ಬಂದು ಕುರ್ಚಿ ಎಳೆಯುವ ಸದ್ದು ಕೇಳತೊಡಗಿತು.

“ನಾನು ಕೆಳಗೆ ಹೋಗಿ ಕೂತ್ಕೋತೀನಿ ದೊಡ್ಡಮ್ಮ,” ಎಂದು ಅವನು ಮೆಟ್ಟಿಲ ಕಡೆ ತಿರುಗಿದ.

ಬಾಗಿಲು ತೆರೆಯಿತು. ಅಕ್ಕ ಕಪ್ಪು ಕೋಟಿನಲ್ಲಿ ನಿಂತಿದ್ದಳು. ಒಂದು ಕೆನ್ನೆಗೆ ಬಣ್ಣ ಹಚ್ಚಿತ್ತು. ಇನ್ನೊಂದರ ಬಣ್ಣ ಕಣ್ಣೀರಿಗೆ ಇಳಿದುಹೋಗಿತ್ತು.

“ಎಲ್ಲಿಗೋ ಹೊರಟೆ?” ಎಂದಳು.

“ಕೆಳಗೆ.”

“ಕೆಳಗೇನಿದೆ? ಹಲಗೆ ಬಿಚ್ಚಿ, ಮೊದಲಿನ ಹಾಗೆ ಹಿಂದೆ ಕೂತು ಗುಂಡಿ ಒತ್ತು. ಅದು ನಿನ್ನ ಕೆಲಸ.” ಕೆನ್ನೆ ಒರೆಸಿಕೊಂಡು, “ಅವತ್ತು ನಾನು ಒಂದು ಮಾತು ಕೇಳಬೇಕಿತ್ತು ಕಣೋ ನಿನ್ನ. ಕೇಳಲೇ ಇಲ್ಲ,” ಎಂದಳು.

“ಇರಲಿ ಬಿಡಕ್ಕ.”

“ಏನು ಇರಲಿ ಬಿಡು? ಮೂರು ವಾರದಿಂದ ಇದೇ ಅಂಗಿ ತಾನೇ? ಊಟ ಮಾಡ್ತಿದ್ಯೋ ಇಲ್ವೋ, ಕುತ್ತಿಗೆ ನೋಡು ಹೇಗಾಗಿದೆ. ಇಲ್ಲಿ ಬಾ, ಕಾಲರ್ ಮಡಚಿದೆ.”

ನಾಟಕ ಶುರುವಾಗುವ ಮೂರನೇ ಗಂಟೆ ಹೊಡೆಯಿತು. ಮೇಷ್ಟ್ರು ಪರದೆಯ ಹಗ್ಗ ಹಿಡಿದು ಕಾಯುತ್ತಿದ್ದರು. ಅವಳು ಕಾಲರ್ ಸರಿಮಾಡಿ ಮುಗಿಸುವವರೆಗೂ ಎಳೆಯಲಿಲ್ಲ.

ಮೂರನೇ ಅಂಕದಲ್ಲಿ ದೀಪಗಳು ಆರಿದವು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳಿಗೂ ಭಯವಿತ್ತೆಂದು ನನಗೆ ಆಗಲೇ ಗೊತ್ತಾದದ್ದು. ಕತ್ತಲಿನಲ್ಲಿ ಅಕ್ಕನ ದನಿ, ಒಂದಿಷ್ಟೂ ನಡುಗದೆ, ಬಂತು.

“ನೋಡಿ, ನಿಮ್ಮ ಸುಳ್ಳು ಏರುತ್ತಿದೆ.”

ಏರಿತು. ಇನ್ನೂರು ಜನ ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಯಾರೂ ನಗಲಿಲ್ಲ.